ಬಾನೆಟ್ ಮುಚ್ಚಬೇಕಲ್ಲ!

ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಈ ಹುಚ್ಚು ಹಿಡಿದೇ ಹಿಡಿಯುತ್ತದೆ. ಕಾರು ನೋಡಲು ಚಂದ. ಸ್ಟೀರಿಂಗ್ ಹೇಳಿದ ಮಾತು ಕೇಳುತ್ತದೆ. ತಿರುವುಗಳು ಬಂದರೆ ಖುಷಿಯೋ ಖುಷಿ. ಆದರೆ ಏರು ರಸ್ತೆಯಲ್ಲಿ ಮುಂದಿನ ಗಾಡಿಯನ್ನು ಹಿಂದೆ ಹಾಕಲು ಹೋದರೆ ಎಂಜಿನ್ ಏದುಸಿರು ಬಿಡುತ್ತದೆ. ಆಗ ಯೋಚನೆ ಶುರುವಾಗುತ್ತದೆ. ಇದೇ ಕಾರು, ಇದೇ ಬಾಡಿ, ಒಳಗೆ ಮಾತ್ರ ದೊಡ್ಡ ಎಂಜಿನ್ ಇದ್ದಿದ್ದರೆ?

ನನ್ನ ಗೆಳೆಯನೊಬ್ಬ ಯೋಚನೆಯಲ್ಲೇ ನಿಲ್ಲಲಿಲ್ಲ. ಅವನ ಹತ್ತಿರ ಇದ್ದದ್ದು ಎಂಜಿಬಿ ಜಿಟಿ, ಬ್ರಿಟನ್ನಿನ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು. 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ತೆಗೆದು ಅಲ್ಲಿ 3528 ಸಿಸಿಯ ರೋವರ್ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್) ಕೂರಿಸಲು ಹೊರಟ. ನಾನು ಟಾರ್ಚ್ ಹಿಡಿಯಲು, ಸ್ಪ್ಯಾನರ್ ಎತ್ತಿಕೊಡಲು ಹೋದವನು. ಹೋಗಿ ಹೋಗಿ ನನಗೂ ಅದರ ರುಚಿ ಹತ್ತಿತು. ಎಂಜಿನ್ ಕೂರಿಸುವುದು ಈ ಕೆಲಸದಲ್ಲಿ ತೀರಾ ಸಣ್ಣ ಭಾಗ ಅಂತ ನನಗೆ ಗೊತ್ತಾದದ್ದು ಅಲ್ಲೇ. ಅಸಲಿ ತಲೆನೋವು ತೂಕದ್ದು. ತೂಕ ಎಷ್ಟು, ಎಲ್ಲಿ ಕೂರುತ್ತದೆ ಅನ್ನುವುದೇ ಮುಖ್ಯ. ಕುದುರೆಶಕ್ತಿಯ ಲೆಕ್ಕ ಅದಾದ ಮೇಲೆ.

ಇದಕ್ಕೆ ಎಂಜಿ ಕಂಪನಿಯ ಚರಿತ್ರೆಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಒಂದೇ ಕಾರಿಗೆ ಅವರೇ ಎರಡು ಸಲ ದೊಡ್ಡ ಎಂಜಿನ್ ಹಾಕಿದರು. ಒಂದು ಸಲ ಬೈಸಿಕೊಂಡರು, ಇನ್ನೊಂದು ಸಲ ಹೊಗಳಿಸಿಕೊಂಡರು.

ಎಂಜಿಬಿ ಬಂದದ್ದು 1962ರಲ್ಲಿ. 1967ರಲ್ಲಿ ಅದೇ ಬಾಡಿಗೆ 2912 ಸಿಸಿಯ ಆರು ಸಿಲಿಂಡರ್ ಎಂಜಿನ್ ಹಾಕಿ ಎಂಜಿಸಿ ಅಂತ ಹೆಸರಿಟ್ಟರು. 145 ಬಿಎಚ್‌ಪಿ, ಅಂದರೆ ಕುದುರೆಶಕ್ತಿ. ಕಾಗದದ ಮೇಲೆ ಭರ್ಜರಿ. ಆದರೆ ಅದು ಪೂರ್ತಿ ಕಬ್ಬಿಣದ ಎಂಜಿನ್. ಹಳೆಯದಕ್ಕಿಂತ ಸುಮಾರು 95 ಕಿಲೋ ಜಾಸ್ತಿ ಭಾರ. ಮೇಲಾಗಿ ಉದ್ದ, ಎತ್ತರ. ಮುಂದಿನ ಸಸ್ಪೆನ್ಶನ್‌ನ ಅಡ್ಡ ಬೀಮ್ ಇದ್ದಲ್ಲಿ ಎಂಜಿನ್ ಕೂರುವುದೇ ಇಲ್ಲ. ಆ ಬೀಮನ್ನೇ ಕಿತ್ತು, ಕಾಯಿಲ್ ಸ್ಪ್ರಿಂಗ್ ಬಿಟ್ಟು ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಹಾಕಬೇಕಾಯಿತು. ಚಕ್ರ 14 ಇಂಚಿನಿಂದ 15 ಇಂಚಿಗೆ ಹೋಯಿತು. ಬಾನೆಟ್ ಮೇಲೆ ಒಂದು ದೊಡ್ಡ ಉಬ್ಬು. ಅದೂ ಸಾಲದೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್‌ಗೆ ಜಾಗ ಬೇಕು ಅಂತ ಆ ಉಬ್ಬಿನ ಮೇಲೆ ಇನ್ನೊಂದು ಸಣ್ಣ ಉಬ್ಬು!

ಅಂದಿನ ಪತ್ರಕರ್ತರು ಓಡಿಸಿ ನೋಡಿದವರೇ ಮೂಗು ಮುರಿದರು. ಸ್ಟೀರಿಂಗ್ ತಿರುಗಿಸಿದರೂ ಮೂತಿ ನೇರಕ್ಕೇ ಹೋಗಲು ನೋಡುತ್ತದೆ ಅನ್ನುವುದು ಅವರ ದೂರು. ಟೈರಿನ ಗಾಳಿ ಸರಿಯಾಗಿ ನೋಡಿಕೊಂಡರೆ ಅಷ್ಟೇನೂ ಕೆಟ್ಟ ಕಾರಲ್ಲ ಅಂತ ಎಂಜಿಸಿ ಇಟ್ಟುಕೊಂಡವರು ಇವತ್ತಿಗೂ ವಾದಿಸುತ್ತಾರೆ. ಉದ್ದದ ಹೆದ್ದಾರಿಯಲ್ಲಿ ಹಾಯಾಗಿ ಹೋಗಲು ಅದು ಚೆನ್ನಾಗಿಯೇ ಇದೆಯಂತೆ. ಇರಬಹುದು. ಆದರೆ ಎಂಜಿಬಿ ಕೊಳ್ಳುವವರು ಹಾಯಾಗಿ ಹೋಗಲು ಕೊಳ್ಳುತ್ತಿರಲಿಲ್ಲ. 1969ಕ್ಕೆ ಎಂಜಿಸಿ ಕಥೆ ಮುಗಿಯಿತು.

ಎರಡನೆಯ ಸಲದ ಕಥೆ ಶುರುವಾಗುವುದು ಅಮೆರಿಕದಲ್ಲಿ. ಬ್ಯೂಕ್ ಕಂಪನಿ 1961ರಲ್ಲಿ ಪೂರ್ತಿ ಅಲ್ಯುಮಿನಿಯಂನ ಒಂದು 3.5 ಲೀಟರ್ ವಿ8 ಹೊರತಂದಿತ್ತು. ಹಗುರ, ಪುಟ್ಟ ಎಂಜಿನ್. ಆದರೆ ಅಲ್ಯುಮಿನಿಯಂ ಎರಕ ದುಬಾರಿ, ರಗಳೆಯೂ ಜಾಸ್ತಿ. ಕಬ್ಬಿಣ ಅಗ್ಗ. ಹಾಗಾಗಿ 1963ಕ್ಕೆ ಬ್ಯೂಕ್ ಅದನ್ನು ಕೈಬಿಟ್ಟಿತು. ಬ್ರಿಟನ್ನಿನ ರೋವರ್ ಕಂಪನಿಯ ವಿಲಿಯಂ ಮಾರ್ಟಿನ್ ಹರ್ಸ್ಟ್ ಕಣ್ಣಿಗೆ ಅದು ಬಿದ್ದದ್ದು ಅಮೆರಿಕದ ಒಂದು ಬೋಟ್ ಎಂಜಿನ್ ಕಂಪನಿಯ ವರ್ಕ್‌ಶಾಪ್‌ನಲ್ಲಿ. ಅವರು ಹೋದದ್ದು ತಮ್ಮ ಎಂಜಿನ್ ಮಾರಲು! 1965ರಲ್ಲಿ ರೋವರ್ ಅದರ ಹಕ್ಕು ಕೊಂಡಿತು. ಬ್ಯೂಕ್ ಬೇಡ ಅಂದ ಎಂಜಿನ್ ಮುಂದೆ ರೇಂಜ್ ರೋವರ್, ಮಾರ್ಗನ್, ಟಿವಿಆರ್ ಅಂತ ಹತ್ತಾರು ಕಡೆ ದುಡಿಯಿತು.

ಅದನ್ನು ಎಂಜಿಬಿಯೊಳಗೆ ಕೂರಿಸಿ ಮಾರಲು ಶುರು ಮಾಡಿದವರು ಕಂಪನಿಯವರಲ್ಲ. ಕೆನ್ ಕಾಸ್ಟೆಲ್ಲೊ ಅನ್ನುವ ಒಬ್ಬ ಖಾಸಗಿ ಮನುಷ್ಯ. 1970ರ ಆಸುಪಾಸಿನಲ್ಲಿ ಅವರು ತಮ್ಮ ವರ್ಕ್‌ಶಾಪ್‌ನಲ್ಲಿ ಇಂಥ ಕಾರುಗಳನ್ನು ಮಾಡಿ ಮಾರತೊಡಗಿದರು. ಇದು ಕಂಪನಿಯವರ ಕಿವಿಗೂ ಬಿತ್ತು. ಅವರು ಒಂದು ಕಾರನ್ನು ತರಿಸಿಕೊಂಡು ನೋಡಿದರು. ಕೊನೆಗೆ 1973ರಲ್ಲಿ ತಾವೇ ಎಂಜಿಬಿ ಜಿಟಿ ವಿ8 ಹೊರತಂದರು.

ಎಂಜಿನ್ ಗಾತ್ರ ಹೆಚ್ಚುಕಡಿಮೆ ಎರಡರಷ್ಟು. ತೂಕ ಮಾತ್ರ ಹಳೆಯ ಕಬ್ಬಿಣದ ನಾಲ್ಕು ಸಿಲಿಂಡರ್ ಎಂಜಿನ್‌ನಷ್ಟೇ ಹತ್ತಿರ ಹತ್ತಿರ. ಜೊತೆಗೆ ವಿ ಆಕಾರದ ಎಂಜಿನ್ ಗಿಡ್ಡ. ನಾಲ್ಕು ಸಿಲಿಂಡರ್ ಹಿಂದೆ ನಾಲ್ಕು ಸಿಲಿಂಡರ್ ಸಾಲಾಗಿ ನಿಲ್ಲುವುದಿಲ್ಲ, ಪಕ್ಕಪಕ್ಕ ವಾಲಿಕೊಂಡು ನಿಲ್ಲುತ್ತವೆ. ಹಾಗಾಗಿ ತೂಕ ಮೂತಿಗೆ ಹೋಗದೆ ಡ್ಯಾಶ್‌ಬೋರ್ಡ್ ಕಡೆಗೆ ಸರಿದು ಕೂರುತ್ತದೆ. ಸಸ್ಪೆನ್ಶನ್ ಬೀಮ್ ಕೀಳಬೇಕಾಗಿಲ್ಲ. ಟಾರ್ಷನ್ ಬಾರ್ ಬೇಡ. ಬಾನೆಟ್ ಮೇಲೆ ಉಬ್ಬೂ ಇಲ್ಲ. ಕಾಸ್ಟೆಲ್ಲೊ ಕಾರುಗಳಿಗೆ ಉಬ್ಬು ಬೇಕಾಗಿತ್ತು, ಯಾಕೆಂದರೆ ಕಾರ್ಬುರೇಟರ್‌ಗಳು ಎಂಜಿನ್‌ನ ನೆತ್ತಿಯ ಮೇಲೆ ಕೂತಿದ್ದವು. ಕಂಪನಿಯವರು ಬೇರೆಯದೇ ಮ್ಯಾನಿಫೋಲ್ಡ್ (ಕಾರ್ಬುರೇಟರ್‌ನಿಂದ ಸಿಲಿಂಡರ್‌ಗಳಿಗೆ ಹೋಗುವ ಕೊಳವೆ) ಮಾಡಿಸಿ ಎರಡೂ ಎಸ್‌ಯು ಕಾರ್ಬುರೇಟರ್‌ಗಳನ್ನು ಎಂಜಿನ್ ಹಿಂದಕ್ಕೆ ತಳ್ಳಿದರು. ಬಾನೆಟ್ ಸಲೀಸಾಗಿ ಮುಚ್ಚಿತು.

ಪವರ್ ನೋಡಿದರೆ 137 ಬಿಎಚ್‌ಪಿ. ಎಂಜಿಸಿಗಿಂತಲೂ ಕಮ್ಮಿ! ಆದರೂ ಓಡಿಸಿದವರು ಮೆಚ್ಚಿದ್ದು ಇದನ್ನೇ. ಈ ಒಂದು ಅಂಕಿ ನೆನಪಿಟ್ಟುಕೊಂಡರೆ ಸಾಕು, ದೊಡ್ಡ ಎಂಜಿನ್ ಬಗ್ಗೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ ಅಂತ ನನ್ನ ಅನಿಸಿಕೆ. ಪಾಪ, ಕಾರಿನ ಹಣೆಬರಹ ಮಾತ್ರ ಚೆನ್ನಾಗಿರಲಿಲ್ಲ. ಆಗಸ್ಟ್‌ನಲ್ಲಿ ಬಿಡುಗಡೆ, ಅಕ್ಟೋಬರ್‌ನಲ್ಲಿ ತೈಲ ಬಿಕ್ಕಟ್ಟು. 1976ಕ್ಕೆ ನಿಲ್ಲಿಸುವ ಹೊತ್ತಿಗೆ ತಯಾರಾದದ್ದು 2591 ಕಾರು ಅಷ್ಟೇ.

ಇಷ್ಟು ಓದಿದ ಮೇಲೆ ಒಂದು ಪ್ರಶ್ನೆ ಏಳಬಹುದು. ಎಂಜಿನ್ ದೊಡ್ಡದು ಅಂತ ಅಳೆಯುವುದು ಹೇಗೆ? ನಾವೆಲ್ಲ ಸಿಸಿ ನೋಡುತ್ತೇವೆ. ಸಿಸಿ ಅಂದರೆ ಒಳಗಿನ ಜಾಗ, ಪಿಸ್ಟನ್ ಓಡಾಡುವ ಜಾಗ. ಬಾನೆಟ್ ಕೆಳಗೆ ಕೂರಬೇಕಾದ್ದು ಹೊರಗಿನ ಮೈ. ಇವೆರಡಕ್ಕೂ ನಂಟು ಕಮ್ಮಿ. ಜನರಲ್ ಮೋಟರ್ಸ್‌ನ ಎಲ್‌ಎಸ್ ಎಂಜಿನ್‌ಗಳನ್ನೇ ನೋಡಿ. ವಾಲ್ವ್‌ಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಒಂದೇ, ಅದೂ ವಿ ಆಕಾರದ ಸಂದಿಯಲ್ಲಿ, ಬ್ಲಾಕ್ ಒಳಗೇ ಕೂತಿರುತ್ತದೆ. ಅಲ್ಲಿಂದ ಪುಶ್‌ರಾಡ್ ಅನ್ನುವ ಸರಳುಗಳು ವಾಲ್ವ್‌ಗಳನ್ನು ತಳ್ಳುತ್ತವೆ. ಹಾಗಾಗಿ ಸಿಲಿಂಡರ್‌ಗಳ ಮೇಲಿನ ಮುಚ್ಚಳ, ಅಂದರೆ ಸಿಲಿಂಡರ್ ಹೆಡ್, ಚಿಕ್ಕದು. ಫೋರ್ಡ್‌ನ 4.6 ಲೀಟರ್ ಡಬಲ್ ಓವರ್‌ಹೆಡ್ ಕ್ಯಾಮ್ ವಿ8 ಎಂಜಿನ್‌ನಲ್ಲಿ ಪ್ರತಿ ಹೆಡ್ ಮೇಲೂ ಎರಡೆರಡು ಕ್ಯಾಮ್‌ಶಾಫ್ಟ್. ಅಗಲ ನೋಡಿದರೆ ಅದು 7 ಲೀಟರ್‌ನ ಎಲ್‌ಎಸ್7 ಎಂಜಿನ್‌ಗಿಂತ ದಪ್ಪ! ಪುಶ್‌ರಾಡ್ ಹಳೇ ಕಾಲದ್ದು ಅಂತ ಮೂಗು ಮುರಿಯುವವರಿದ್ದಾರೆ. ಮಜ್ದಾ ಮಿಯಾಟಾದಂಥ ಪುಟ್ಟ ಕಾರಿನೊಳಗೂ ಜನ ಎಲ್‌ಎಸ್ ತುರುಕುತ್ತಾರೆ ಅಂದರೆ ಅದರ ಗುಟ್ಟು ಆ ಹಳೇ ಕಾಲದ ವಿನ್ಯಾಸವೇ.

ಈಗ ಗೆಳೆಯನ ಗ್ಯಾರೇಜ್‌ಗೆ ಬರೋಣ.

ಎಂಜಿನ್ ಒಳಗೆ ಇಳಿಸುವ ದಿನ ನೋಡಲು ಚಂದ. ಗೇರ್‌ಬಾಕ್ಸ್ ಸಮೇತ ಎಂಜಿನ್ನನ್ನು ಹಾಯಿಸ್ಟ್‌ಗೆ ನೇತುಹಾಕಿ, ಹಿಂಭಾಗ ಕೆಳಗೆ ಮಾಡಿ, ಚೆನ್ನಾಗಿ ಓರೆ ಹಿಡಿದು ಇಳಿಸಬೇಕು. ಒಬ್ಬ ಸರಪಳಿ ಬಿಡುತ್ತಾನೆ. ಇನ್ನೊಬ್ಬ ಕಾರಿನ ಕೆಳಗೆ ಮಲಗಿ ಗೇರ್‌ಬಾಕ್ಸ್‌ನ ಬಾಲ ಎಲ್ಲಿ ತಗುಲುತ್ತಿದೆ ಅಂತ ಕೂಗುತ್ತಾನೆ. "ಬಿಡು, ಬಿಡು, ನಿಲ್ಲು! ಒಂಚೂರು ಎಡಕ್ಕೆ!" ಹೀಗೇ ಒಂದು ಮಧ್ಯಾಹ್ನ ಕಳೆಯುತ್ತದೆ. ಫೋಟೋ ತೆಗೆಯುವವರೆಲ್ಲ ಇದೇ ಹೊತ್ತಿಗೆ ಬರುತ್ತಾರೆ. ಮರುದಿನದಿಂದ ಯಾರೂ ಬರುವುದಿಲ್ಲ, ನಿಜವಾದ ಕೆಲಸ ಆಗ ಶುರು.

ನನಗೆ ತುಂಬ ಹಿಡಿಸಿದ್ದು ಜೇಡಿಯ ಉಪಾಯ. ಬಾನೆಟ್‌ಗೂ ಕಾರ್ಬುರೇಟರ್‌ಗೂ ನಡುವೆ ಎಷ್ಟು ಜಾಗ ಉಳಿದಿದೆ ಅಂತ ಬಾನೆಟ್ ಮುಚ್ಚಿದ ಮೇಲೆ ನೋಡಲು ಬರುವುದಿಲ್ಲ. ಮಕ್ಕಳು ಆಡುವ ಬಣ್ಣದ ಮೆತ್ತನೆ ಜೇಡಿಯ ಉಂಡೆಗಳನ್ನು ಏರ್ ಫಿಲ್ಟರ್ ಮೇಲೆ, ಕಾರ್ಬುರೇಟರ್ ತಲೆಯ ಮೇಲೆ, ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಇಟ್ಟ. ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ. ಬಾನೆಟ್ ಮೆಲ್ಲಗೆ ಇಳಿಸಿ ಲಾಕ್ ಆಗುವ ತನಕ ಒತ್ತಿದ. ಮತ್ತೆ ಎತ್ತಿದ. ಉಂಡೆಗಳು ಚಪ್ಪಟೆಯಾಗಿದ್ದವು. ಒಂದೊಂದರ ದಪ್ಪ ಅಳೆದರೆ ಆ ಜಾಗದಲ್ಲಿ ಉಳಿದ ಸಂದಿ ಎಷ್ಟು ಅಂತ ಕರಾರುವಾಕ್ಕಾಗಿ ಗೊತ್ತಾಗುತ್ತದೆ. ಏರ್ ಫಿಲ್ಟರ್ ಮೇಲಿನ ಉಂಡೆ ಹಪ್ಪಳದಷ್ಟು ತೆಳ್ಳಗಾಗಿತ್ತು. ನನಗೆ ಸಂದಿ ಇದೆಯಲ್ಲ, ಸಾಕು ಅನಿಸಿತು. ಅವನು ಸಾಲದು ಅಂತ ತಲೆಯಾಡಿಸಿದ. ಎಂಜಿನ್ ಕೂತಿರುವುದು ರಬ್ಬರ್ ಮೌಂಟ್‌ಗಳ ಮೇಲೆ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಅದು ಒಂದು ಪಕ್ಕಕ್ಕೆ ಮಗ್ಗುಲು ಹೊರಳುತ್ತದೆ. ನಿಂತ ಎಂಜಿನ್‌ಗೆ ಸಾಕಾದ ಜಾಗ ಓಡುವ ಎಂಜಿನ್‌ಗೆ ಸಾಲದು. ಮೌಂಟ್‌ಗಳನ್ನು ಬಿಚ್ಚಿ ಎಂಜಿನ್ ಇನ್ನಷ್ಟು ತಗ್ಗಿಸಬೇಕಾಯಿತು. ತಗ್ಗಿಸಿದರೆ ಸಂಪ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಹೋಗಿ ಅಡ್ಡ ಬೀಮ್‌ಗೆ ತಾಗುತ್ತದೆ. ಮೇಲೆ ಬಾನೆಟ್, ಕೆಳಗೆ ಬೀಮ್, ನಡುವೆ ಇರುವ ಬೆರಳಗಲದ ಅಂತರದಲ್ಲಿ ಇಡೀ ಪ್ರಾಜೆಕ್ಟ್ ತೂಗಾಡುತ್ತಿತ್ತು.

ಇನ್ನೊಂದು ಕಗ್ಗಂಟು ಎಕ್ಸಾಸ್ಟ್. ವಿ8 ಅಂದರೆ ಎರಡೂ ಪಕ್ಕದಿಂದ ಹೊಗೆ ಕೊಳವೆ ಬರುತ್ತದೆ. ಒಂದು ಪಕ್ಕದಲ್ಲಿ ಸ್ಟೀರಿಂಗ್ ಕಾಲಮ್ ಅದೇ ಜಾಗದಲ್ಲಿ ಹಾದುಹೋಗುತ್ತದೆ. ಕಾಲಮ್‌ನ ಯೂನಿವರ್ಸಲ್ ಜಾಯಿಂಟ್ ಪಕ್ಕದಲ್ಲೇ ಕೆಂಪಗೆ ಕಾಯುವ ಕೊಳವೆ ಇದ್ದರೆ ಜಾಯಿಂಟಿನ ಗ್ರೀಸ್ ಕರಗಿ ಹೋಗುತ್ತದೆ. ಕೊಳವೆಯನ್ನು ಎಂಜಿನ್‌ಗೆ ಒತ್ತಿಸಿ ಕೆಳಗಿಳಿಸಬಹುದು. ಆಗ ಬಾನೆಟ್ ಕೆಳಗೆಲ್ಲ ಒಲೆ ಹೊತ್ತಿಸಿದಂತೆ ಶಾಖ. ಇಲ್ಲವೇ ಒಳ ವಿಂಗ್‌ಗೆ, ಅಂದರೆ ಎಂಜಿನ್‌ಗೂ ಚಕ್ರಕ್ಕೂ ನಡುವಿನ ತಗಡಿಗೆ, ತೂತು ಕೊರೆದು ಚಕ್ರದ ಕಡೆಯಿಂದ ಹೊರಗೆ ಹಾಯಿಸಬಹುದು. 1990ರ ದಶಕದಲ್ಲಿ ಎಂಜಿ ಹೊರತಂದ ಆರ್‌ವಿ8 ಕಾರಿನಲ್ಲಿ ಹಾಗೇ ಮಾಡಿದ್ದರು. ಹೊಗೆ ಬೇಗ ಹೋಗುತ್ತದೆ, ಶಾಖವೂ ಹೊರಗೆ. ಆದರೆ ಹಳೆಯ ಕಾರಿನ ತಗಡು ಕತ್ತರಿಸಬೇಕು. ಗೆಳೆಯ ತುಂಬ ದಿನ ಆ ವಿಂಗ್ ಮುಂದೆ ಸುಮ್ನೆ ನಿಂತು ನೋಡುತ್ತಿದ್ದ. ಕೊನೆಗೆ ಕತ್ತರಿಸಲಿಲ್ಲ. ಒಳಗಡೆಯ ಕೊಳವೆಯನ್ನೇ ಹಾಕಿ, ಶಾಖ ತಡೆಯುವ ಪಟ್ಟಿ ಸುತ್ತಿದ.

ಈ ಗೋಳು ಮನೆಯಲ್ಲಿ ಮಾಡುವವರಿಗೆ ಮಾತ್ರ ಅಂದುಕೊಳ್ಳಬೇಡಿ. ಸನ್‌ಬೀಮ್ ಟೈಗರ್ ಅನ್ನುವ ಬ್ರಿಟಿಷ್ ಕಾರು 1964ರಲ್ಲಿ ಬಂತು. ಸನ್‌ಬೀಮ್ ಆಲ್ಪೈನ್ ಅನ್ನುವ ಸಾಧು ಕಾರಿನೊಳಗೆ ಫೋರ್ಡ್‌ನ 4.2 ಲೀಟರ್ ವಿ8. ಮೊದಮೊದಲ ಮಾದರಿಗಳ ಕೆಲಸದಲ್ಲಿ ಅಮೆರಿಕದ ರೇಸ್ ಕಾರು ತಯಾರಕ ಕ್ಯಾರೊಲ್ ಶೆಲ್ಬಿ ಕೈಯಿತ್ತು. ಸ್ಟೀರಿಂಗ್ ಬಾಕ್ಸ್ ಅಡ್ಡ ಬರುತ್ತದೆ ಅಂತ ಇಡೀ ಸ್ಟೀರಿಂಗ್ ವ್ಯವಸ್ಥೆಯನ್ನೇ ರ‍್ಯಾಕ್ ಅಂಡ್ ಪಿನಿಯನ್‌ಗೆ ಬದಲಾಯಿಸಿದರು. ಅಷ್ಟಾದರೂ ಎಂಜಿನ್ ಒಳಗೆ ಜಾರಲು, ಬಣ್ಣ ಬಳಿದು ಮುಗಿಸಿದ ಬಾಡಿಯ ಬಲ್ಕ್‌ಹೆಡ್ ತಗಡನ್ನು (ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ಗೋಡೆ) ದೊಡ್ಡ ಸುತ್ತಿಗೆಯಿಂದ ಬಡಿದು ಜಾಗ ಮಾಡಬೇಕಾಗಿತ್ತಂತೆ. ಅದೂ ಕಾರ್ಖಾನೆಯಲ್ಲೇ! ಹಿಂದಿನ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಲು ಕಾರಿನ ಒಳಗೆ ಕೂತು, ಕಾಲಿಡುವ ಕಡೆಯ ಒಂದು ತೂತಿನಿಂದ ಕೈ ಹಾಕಬೇಕು. ಮುಂದೆ ಆ ಕಂಪನಿ ಅಮೆರಿಕದ ಕ್ರೈಸ್ಲರ್ ಪಾಲಾಯಿತು. ತಮ್ಮ ಕಾರಿನಲ್ಲಿ ಫೋರ್ಡ್ ಎಂಜಿನ್ ಯಾಕೆ ಅಂತ ಕ್ರೈಸ್ಲರ್‌ನವರು ತಮ್ಮದೇ ವಿ8 ಹಾಕಲು ನೋಡಿದರು. ಅದರಲ್ಲಿ ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಇದ್ದದ್ದು ಎಂಜಿನ್ ಹಿಂದೆ, ಬಲ್ಕ್‌ಹೆಡ್ ಪಕ್ಕ. ಫೋರ್ಡ್‌ನದು ಮುಂದೆ. ಆ ಒಂದು ಅಂಗೈಯಗಲದ ಭಾಗಕ್ಕೆ ಜಾಗವಿಲ್ಲದೆ ಕಾರೇ ನಿಂತುಹೋಯಿತು ಅಂದರೆ ತಪ್ಪಾಗಲಿಕ್ಕಿಲ್ಲ.

ಶೆಲ್ಬಿಯ ಕೋಬ್ರಾ ಕಥೆ ಎಲ್ಲರಿಗೂ ಗೊತ್ತು, ಅದನ್ನು ಉದ್ದ ಮಾಡುವುದಿಲ್ಲ. ಒಂದು ಮಾತು ಮಾತ್ರ. 1962ರಲ್ಲಿ ಎಸಿ ಏಸ್ ಅನ್ನುವ ಬ್ರಿಟಿಷ್ ಕಾರಿನ ಚಾಸಿಗೆ ಫೋರ್ಡ್‌ನ ಚಿಕ್ಕ ವಿ8 ಹಾಕಿದಾಗ ಚಾಸಿ ಬಹುಪಾಲು ಹಳೆಯದೇ ಸಾಕಾಯಿತು. 7 ಲೀಟರ್‌ನ ಎಂಜಿನ್ ಹಾಕಲು ಹೊರಟಾಗ ಚಾಸಿಯ ಮುಖ್ಯ ಕೊಳವೆಗಳನ್ನು 3 ಇಂಚಿನಿಂದ 4 ಇಂಚಿಗೆ ದಪ್ಪ ಮಾಡಿದರು, ಲೀಫ್ ಸ್ಪ್ರಿಂಗ್ ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕಿದರು. ಅಂದರೆ ಅದು ಹೆಚ್ಚುಕಡಿಮೆ ಬೇರೆಯೇ ಕಾರು. ಹೆಸರೊಂದು ಉಳಿಯಿತು.

ಎಂಜಿನ್ ಕೂತಿತು ಅನ್ನೋಣ. ಆ ಮೇಲೆ ಸರದಿ ಎಂಜಿನ್ ಹಿಂದಿನ ಭಾಗಗಳದು. ಹಳೆಯ ಎಂಜಿಬಿಯ ಟಾರ್ಕ್ (ತಿರುಗಿಸುವ ಬಲ) ಸುಮಾರು 149 ನ್ಯೂಟನ್ ಮೀಟರ್. ವಿ8ನದು ಸುಮಾರು 262, ಅದೂ 2900 ಆರ್‌ಪಿಎಂಗೇ. ಕ್ಲಚ್ ಜಾರುತ್ತದೆ. ಹಳೆಯ ಗೇರ್‌ಬಾಕ್ಸ್ ಹಲ್ಲು ಕಡಿಯುತ್ತದೆ. ಬೇರೆ ಗೇರ್‌ಬಾಕ್ಸ್ ಹಾಕಿದರೆ ಉದ್ದ ಬದಲಾಗುತ್ತದೆ, ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಹೊಸದು ಮಾಡಿಸಬೇಕು. ಮಾಡಿಸುವಾಗ ಗೇರ್‌ಬಾಕ್ಸ್‌ನ ಶಾಫ್ಟೂ ಆಕ್ಸಲ್‌ನ ಪಿನಿಯನ್ನೂ ಒಂದಕ್ಕೊಂದು ಸಮಾನಾಂತರವಾಗಿ ಇರಬೇಕು. ಇಲ್ಲದಿದ್ದರೆ ಒಂದು ವೇಗಕ್ಕೆ ಬಂದ ತಕ್ಷಣ ಸೀಟಿನ ಕೆಳಗೆ ಗುಂಯ್ ಅಂತ ನಡುಕ ಶುರು. ಹಿಂದಿನ ಲೀಫ್ ಸ್ಪ್ರಿಂಗ್‌ಗಳಿಗೆ ಎರಡೆರಡು ಕೆಲಸ: ಭಾರ ಹೊರುವುದು, ಆಕ್ಸಲ್ ಹೊರಳದಂತೆ ಹಿಡಿಯುವುದು. ಜೋರಾಗಿ ಹೊರಟರೆ ಆಕ್ಸಲ್ ಸ್ಪ್ರಿಂಗನ್ನೇ ಎಸ್ ಆಕಾರಕ್ಕೆ ತಿರುಚಿ, ಬಿಟ್ಟು, ಮತ್ತೆ ತಿರುಚುತ್ತದೆ. ಚಕ್ರ ನೆಲದ ಮೇಲೆ ಡಬಡಬ ಕುಣಿಯುತ್ತದೆ.

ಬ್ರೇಕ್ ಬಗ್ಗೆ ಯಾರೂ ಖುಷಿಯಿಂದ ಮಾತಾಡುವುದಿಲ್ಲ. ಆದರೆ ಲೆಕ್ಕ ಸುಲಭ. ವೇಗ 100ರಿಂದ 140ಕ್ಕೆ ಏರಿದರೆ ನಿಲ್ಲಿಸಬೇಕಾದ ಶಕ್ತಿ ಹತ್ತಿರ ಹತ್ತಿರ ಎರಡು ಪಟ್ಟು. ಅದೇ ಹಳೆಯ ಡಿಸ್ಕ್, ಅದೇ ಪ್ಯಾಡ್ ಇಟ್ಟುಕೊಂಡು ಹೊರಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಎಂಜಿನ್ ಕೊಳ್ಳುವ ಮೊದಲು ಬ್ರೇಕ್ ಕೊಳ್ಳಿ, ದುಡ್ಡು ಉಳಿದರೆ ಎಂಜಿನ್. ನೋಂದಣಿ, ವಿಮೆ, ತಪಾಸಣೆ ಇವೆಲ್ಲ ಇದ್ದದ್ದೇ. ಆಯಾ ದೇಶದ ಕಾನೂನು ನೋಡಿಕೊಂಡು ಮೊದಲೇ ಮುಗಿಸಿಕೊಳ್ಳುವುದು ವಾಸಿ.

ಹಾಗಾದರೆ ಹಳೆಯ ಕಾರನ್ನು ಹೀಗೆ ಬದಲಾಯಿಸುವುದು ಸರಿಯಾ? ಇದಕ್ಕೆ ಎರಡು ಪಂಗಡ. ಒಂದು ಪಂಗಡಕ್ಕೆ ಬೋಲ್ಟಿನ ಬಣ್ಣ ಬದಲಾದರೂ ಪಾಪ. ಇನ್ನೊಂದು ಪಂಗಡಕ್ಕೆ ಗ್ರೈಂಡರ್ ಕೈಗೆ ಸಿಕ್ಕರೆ ಸಾಕು. ನಾನು ಎರಡೂ ಕಡೆ ಇಲ್ಲ. ಕಾರ್ಖಾನೆಯವರೇ ಸುತ್ತಿಗೆ ಹಿಡಿದು ಮಾಡಿದ್ದನ್ನು ಮನೆಯಲ್ಲಿ ಮಾಡಿದರೆ ಅಪಚಾರ ಅನ್ನುವುದರಲ್ಲಿ ಅರ್ಥವಿಲ್ಲ. ಎಂಜಿಬಿ 5 ಲಕ್ಷಕ್ಕೂ ಹೆಚ್ಚು ತಯಾರಾದ ಕಾರು. ಅದರಲ್ಲಿ ಕೆಲವಕ್ಕೆ ವಿ8 ಬಂದರೆ ಚರಿತ್ರೆ ಮುಳುಗುವುದಿಲ್ಲ. ಆದರೆ ಬೆರಳೆಣಿಕೆಯಷ್ಟು ಉಳಿದಿರುವ ಕಾರಿಗೆ, ಅಸಲಿ ಎಂಜಿನ್ ನಂಬರ್ ಇನ್ನೂ ಜೊತೆಗಿರುವ ಕಾರಿಗೆ ಗ್ರೈಂಡರ್ ಹಿಡಿಯುವವರ ಜೊತೆ ನಾನು ಕೂರಲಾರೆ. ಗೆಳೆಯ ತಗಡು ಕತ್ತರಿಸದೆ ಬಿಟ್ಟದ್ದು ನನಗೆ ಇಷ್ಟವಾದದ್ದು ಅದಕ್ಕೇ. ಹಳೆಯ ಎಂಜಿನ್ನನ್ನು ಎಣ್ಣೆ ಹಾಕಿ, ಸುತ್ತಿ, ಮೂಲೆಯಲ್ಲಿ ಇಟ್ಟಿದ್ದಾನೆ. ಮುಂದೆ ಯಾರಿಗೋ ಮನಸ್ಸು ಬಂದರೆ ವಾಪಸ್ ಹಾಕಬಹುದು.

ಸೊಗಸು ಕಳೆದುಹೋಗುವುದಿಲ್ಲವಾ ಅಂತ ಕೇಳಿದರೆ, ಹೋಗುತ್ತದೆ. ಸಣ್ಣ ಎಂಜಿನ್ನಿನ ಕಾರನ್ನು ಪೂರ್ತಿ ದುಡಿಸಿ ಓಡಿಸುವುದರಲ್ಲಿ ಒಂದು ಮಜಾ ಇದೆ. ಪ್ರತಿ ತಿರುವಿಗೂ ಗೇರ್ ಬದಲಿಸಬೇಕು, ವೇಗ ಕಳೆಯದ ಹಾಗೆ ದಾರಿ ಹುಡುಕಬೇಕು. ವಿ8 ಹಾಕಿದ ಮೇಲೆ ಆ ಕಸರತ್ತು ಬೇಕಿಲ್ಲ. ಮೂರನೇ ಗೇರ್‌ನಲ್ಲಿ ಬಿಟ್ಟರೆ ಏರೂ ಒಂದೇ, ಇಳಿಜಾರೂ ಒಂದೇ. ಕಾರು ಬುದ್ಧಿವಂತವಾದಂತೆ, ಓಡಿಸುವವನು ಸೋಮಾರಿಯಾದಂತೆ ಅನಿಸುತ್ತದೆ. ಗೆಳೆಯನಿಗೆ ಇದೇ ಬೇಕಿತ್ತು. ನನಗಾದರೆ ಹಳೆಯ ಎಂಜಿನ್ನೇ ಸಾಕು ಅನಿಸುವ ದಿನಗಳೂ ಇವೆ. ಆದರೆ ಆ ಸದ್ದು ಕೇಳಿದ ದಿನ ಮಾತ್ರ ಹಾಗನಿಸುವುದಿಲ್ಲ, ಅದು ಬೇರೆ ವಿಷಯ.

ಸದ್ಯಕ್ಕೆ ಅವನ ಗಲಾಟೆ ಸ್ಪೀಡೋಮೀಟರ್ ಜೊತೆ. ಹಳೆಯ ಆಕ್ಸಲ್‌ನ ರೇಶಿಯೋ 3.9, ಅಂದರೆ ಚಕ್ರ ಒಂದು ಸುತ್ತು ಬರಲು ಪ್ರೊಪೆಲ್ಲರ್ ಶಾಫ್ಟ್ 3.9 ಸುತ್ತು ತಿರುಗಬೇಕು. ಅದನ್ನೇ ಇಟ್ಟುಕೊಂಡರೆ ಟಾಪ್ ಗೇರ್‌ನಲ್ಲಿ 100 ಕಿ.ಮೀ. ವೇಗಕ್ಕೆ ಎಂಜಿನ್ ಸುಮಾರು 3500 ಆರ್‌ಪಿಎಂ ತಿರುಗುತ್ತದೆ. ವಿ8ಗೆ ಅಷ್ಟು ಅರಚಾಡುವ ಅಗತ್ಯವೇ ಇಲ್ಲ. ಹಾಗಾಗಿ ಕಂಪನಿಯವರು ಜಿಟಿ ವಿ8ಗೆ ಹಾಕಿದ್ದ 3.07ರ ಆಕ್ಸಲ್ಲನ್ನೇ ಇವನೂ ಹಾಕಿದ. ಅದೇ ವೇಗಕ್ಕೆ ಈಗ 2700ರ ಆಸುಪಾಸು, ಕಾರಿನೊಳಗೆ ಆರಾಮಾಗಿ ಮಾತಾಡಬಹುದು. ಆದರೆ ಸ್ಪೀಡೋಮೀಟರ್ ಕೇಬಲ್ ಗೇರ್‌ಬಾಕ್ಸ್‌ನಿಂದ ಬರುತ್ತದೆ, ಅದಕ್ಕೆ ಆಕ್ಸಲ್ ಬದಲಾದ ಸುದ್ದಿಯೇ ಗೊತ್ತಿಲ್ಲ. ಉಳಿದದ್ದೆಲ್ಲ ಹಾಗೇ ಇದ್ದರೆ ಕಾರು 100ರಲ್ಲಿ ಹೋಗುವಾಗ ಮುಳ್ಳು ತೋರಿಸುವುದು 79. ಕೇಬಲ್ ನಡುವೆ ಒಂದು ಪುಟ್ಟ ಗೇರ್ ಪೆಟ್ಟಿಗೆ ಹಾಕಿ ಸರಿ ಮಾಡಬಹುದು, ಇಲ್ಲವೇ ಮೀಟರನ್ನೇ ಬಿಚ್ಚಿ ಹೊಸದಾಗಿ ಹೊಂದಿಸಬಹುದು. ಅವನು ಎರಡನ್ನೂ ಮಾಡಿಲ್ಲ. ಫೋನಿನ ಜಿಪಿಎಸ್ ನೋಡಿಕೊಂಡು ಓಡಿಸುತ್ತಿದ್ದಾನೆ. ಪಕ್ಕದಲ್ಲಿ ಕೂತವರು ಮುಳ್ಳು ನೋಡಿ "ಇಷ್ಟೇನಾ?" ಅಂದರೆ ಅವನಿಗೆ ಭಾರೀ ಖುಷಿ.